ತಾಯಕ್ಕನ ಮುದ್ದೆ ಕೋಲು

ಟಕ್, ಟಕಟಕ್. ಶ್ರೀರಂಗಪಟ್ಟಣದ ಸೇತುವೆ ದಾಟಿದಲ್ಲಿಂದ ಪಾಂಡವಪುರದವರೆಗೂ ನಮ್ಮ ಕಾರಿನ ಡಿಕ್ಕಿಯಿಂದ ಬರುತ್ತಿದ್ದ ಸದ್ದು ಅದು. ರಸ್ತೆಯಲ್ಲಿ ಹಂಪ್ ಬಂದಾಗಲೆಲ್ಲ ಅಲ್ಯೂಮಿನಿಯಂ ಪಾತ್ರೆಯೊಳಗೆ ಮುದ್ದೆ ತಿರುವುವ ಕೋಲೊಂದು ಹೊರಳಿ ಬಡಿದುಕೊಳ್ಳುತ್ತಿತ್ತು. ಅಳಿಯ ಹಾಕಿದ್ದ ಮ್ಯೂಸಿಕ್ಕಿಗೂ ಅದು ಬಗ್ಗಲಿಲ್ಲ. ಮೊಮ್ಮಕ್ಕಳಿಬ್ಬರೂ ಅದರ ತಾಳಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ನನಗೊಬ್ಬಳಿಗೆ ತಲೆ ಸಿಡಿಯುತ್ತಿತ್ತು.

ಪಾತ್ರೆಯೂ ಕೋಲೂ ನಮ್ಮ ಯಜಮಾನರ ಅಕ್ಕ ತಾಯಮ್ಮನವರದು. ನಮಗೆಲ್ಲ ಅವರು ತಾಯಕ್ಕ. ಮಗಳು ಅಳಿಯ ಸೇರಿ ಮೂರು ದಿನದ ಕ್ಯಾಂಪಿಂಗ್ ಪ್ಲಾನ್ ಮಾಡಿದ್ದರು. ಮೊದಲು ಕುಂತಿಬೆಟ್ಟದ ಬುಡದಲ್ಲಿ ಟೆಂಟು, ಮಾರನೆಯ ದಿನ ಹೊಸಹೊಳಲಿನ ದೇವಸ್ಥಾನ, ಆಮೇಲೆ ನಾಗಮಂಗಲದ ಕಡೆ ನವಿಲುಗಳಿರುವ ಬೆಟ್ಟ. ಸುದ್ದಿ ತಿಳಿದ ತಾಯಕ್ಕ ತಮ್ಮೂರು ಅಕ್ಕಿಹೆಬ್ಬಾಳಿನಲ್ಲಿ ರೈಲು ಹತ್ತಿ ಹಿಂದಿನ ದಿನವೇ ಮೈಸೂರಿನ ನಮ್ಮ ಮನೆಗೆ ಬಂದಿಳಿದರು. ತಲೆಯ ಮೇಲೆ ರಾಗಿಹಿಟ್ಟಿನ ಗಂಟು, ಕಂಕುಳಲ್ಲಿ ಪಾತ್ರೆ.

"ನಾನ್ ಸಣ್ಣೋಳಿದ್ದಾಗ ನಮ್ಮಪ್ಪ ಗಾಡೀಲಿ ಹೊಸೊಳಲಿಗೆ ಕರ್ಕೊಂಡೋಗಿ ಕೆರೆ ಏರಿ ಮೇಲೆ ಇಟ್ಟು ಮಾಡಿ ಉಣ್ಣುಸಿದ್ರು. ನನ್ ತಮ್ಮನ್ ಮೊಮ್ಮಕ್ಳಿಗೆ ಅಲ್ಲೇ ಒಂದೊತ್ತು ನಾನೂ ಇಟ್ಟು ಉಣ್ಣುಸ್ಬೇಕು ಕಣವ್ವ. ಇನ್ನೇನೂ ಬ್ಯಾಡ ನಂಗೆ" ಅಂದರು. ಇಟ್ಟು ಅಂದರೆ ಅವರ ಮಾತಿನಲ್ಲಿ ಮುದ್ದೆ.

ಓದು ಬರಹ ಬಾರದ ತಾಯಕ್ಕನ ದೊಡ್ಡ ಆಸ್ತಿ ಅಂದರೆ ನೆನಪು. ಕೊಟ್ಟಿಗೆಯ ಯಾವ ಹಸುವನ್ನು ತೋರಿಸಿದರೂ ಅದರ ಅಜ್ಜಿಯ ಅಜ್ಜಿಯವರೆಗೆ ಹೆಸರು ಹೇಳುತ್ತಿದ್ದರು. ಯಾರ ಮನೆಯ ಮಗು ಯಾವ ಕೊಯ್ಲಿನಲ್ಲಿ ಹುಟ್ಟಿತು, ಯಾರ ಮದುವೆಯಲ್ಲಿ ಸಾರು ಹಳಸಿತು, ಎಲ್ಲ ನಾಲಿಗೆಯ ತುದಿಯಲ್ಲಿ. ಜಮೀನಿನ ಗಡಿಕಲ್ಲಿನ ತಕರಾರು ಬಂದರೆ ಊರವರು ಅವರ ಜಗಲಿಗೆ ಬಂದು ಕೇಳಿಕೊಂಡು ಹೋಗುತ್ತಿದ್ದರು. ನಾನು ಮದುವೆಯಾಗಿ ಆ ಮನೆಗೆ ಕಾಲಿಟ್ಟ ದಿನವನ್ನಂತೂ ಅವರು ಮರೆಯಲೂ ಇಲ್ಲ, ನನ್ನನ್ನು ಮರೆಯಲು ಬಿಡಲೂ ಇಲ್ಲ. "ಅಸ್ರು ಸೀರೆ ಉಟ್ಕೊಂಡು ಬಂದು, ಮುದ್ದೆ ಮುಂದೆ ಕೂತ್ಕೊಂಡು ಚಮಚ ಕೇಳಿದ್ಲು ನಮ್ ಇಂಗ್ಲೀಸ್ನೋಳು." ಇಷ್ಟು ಹೇಳಿ ತಾವೇ ಮೊದಲು ನಗುತ್ತಿದ್ದರು. ಆ ದಿನ ಎಲ್ಲರೂ ನನ್ನನ್ನು ಆಡಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಕುಳಿತು, ಮುದ್ದೆಯನ್ನು ಸಣ್ಣಗೆ ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ಕಲಿಸಿದ್ದೂ ಅವರೇ. ಅದನ್ನು ಮಾತ್ರ ಅವರು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ.

ಕುಂತಿಬೆಟ್ಟದ ಬುಡದಲ್ಲಿ ಊಟ ಕ್ಯಾಂಪಿನವರದೇ. ನಮ್ಮ ಪಾತ್ರೆಗೆ ಕೆಲಸವಿರಲಿಲ್ಲ. ಆದರೂ ತಾಯಕ್ಕ ಟೆಂಟಿನ ಮುಂದೆ ಕಾಲು ಚಾಚಿ ಕುಳಿತು, ಕೋಲನ್ನು ಸೆರಗಿನಿಂದ ಒರೆಸುತ್ತಿದ್ದರು. ಅಂಗೈ ಹಿಡಿಯುವ ಜಾಗದಲ್ಲಿ ಅದು ಸವೆದು ನುಣುಪಾಗಿತ್ತು. ಪಕ್ಕದ ಟೆಂಟಿನ ಹೆಂಗಸೊಬ್ಬಳು, ಟ್ರ್ಯಾಕ್ ಪ್ಯಾಂಟು, ಕಪ್ಪು ಕನ್ನಡಕದವಳು, "ಆಂಟೀ, ಈ ಸ್ಟಿಕ್ ಯಾಕೆ? ನಾಯಿ ಓಡಿಸೋಕಾ?" ಅಂದಳು.

"ನಾಯಿಗೂ ಆಯ್ತದೆ, ಅಳಿಯಂಗೂ ಆಯ್ತದೆ" ಅಂದರು ತಾಯಕ್ಕ.

ಅಕ್ಕಪಕ್ಕದ ಟೆಂಟಿನವರೆಲ್ಲ ನಕ್ಕರು, ಅಳಿಯನೂ ನಕ್ಕ. ಆ ಹೆಂಗಸು ಮೊಬೈಲ್ ತೆಗೆದು ತಾಯಕ್ಕನ ಫೋಟೋ ಹಿಡಿದಳು. ಅವರಿಗೋ ಖುಷಿ, ಕೋಲನ್ನು ರಾಜದಂಡದ ಹಾಗೆ ಎತ್ತಿ ಹಿಡಿದು ಪೋಸ್ ಕೊಟ್ಟರು. ನಾನು ಹೌ ಎಂಬರಾಸಿಂಗ್ ಅಂದುಕೊಂಡೆ. ಆ ವಯಸ್ಸಿನಲ್ಲಿ ನನಗೆ ಅಪರಿಚಿತರ ಮುಂದೆ ಕಳೆದುಕೊಳ್ಳುವಂಥದ್ದು ಏನಿತ್ತೋ, ಈಗ ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ.

ಮಾರನೆಯ ಬೆಳಿಗ್ಗೆ ಎಲ್ಲರೂ ಸೂರ್ಯೋದಯ ನೋಡಲು ಬೆಟ್ಟ ಹತ್ತಿದರು. ತಾಯಕ್ಕನೂ ಬರಿಗಾಲಲ್ಲಿ ಮೊಮ್ಮಕ್ಕಳಿಗಿಂತ ಮುಂದೆ ಹೋದರು. ಮಂಡಿನೋವೆಂದು ನಾನು ಕೆಳಗೇ ಉಳಿದು ಲಗೇಜು ಜೋಡಿಸತೊಡಗಿದೆ. ಪಾತ್ರೆ ಎತ್ತಿದಾಗ ಟಕ್ ಎಂದಿತು. ಇನ್ನೂ ಎರಡು ದಿನ ಈ ಸದ್ದೇ ಅನ್ನಿಸಿತು. ಕೋಲನ್ನು ತೆಗೆದುಕೊಂಡು ಹೋಗಿ, ಕ್ಯಾಂಪ್‌ಫೈರಿಗೆಂದು ಒಟ್ಟಿದ್ದ ಸೌದೆಯ ನಡುವೆ ತೂರಿಸಿದೆ. ಸೌದೆಯ ಜೊತೆ ಅದೂ ಸೌದೆಯಾಗಿ ಕಂಡಿತು. ಬರೀ ಒಂದು ಕೋಲು ತಾನೇ, ಬೇರೆ ಕೊಡಿಸಿದರಾಯಿತು ಅಂದುಕೊಂಡು ಕೈ ತೊಳೆದೆ.

ಹೊಸಹೊಳಲಿನ ದಾರಿಯಲ್ಲಿ ಸದ್ದಿರಲಿಲ್ಲ. ಯಾರೂ ಗಮನಿಸಲಿಲ್ಲ.

ದೇವಸ್ಥಾನ ನೋಡಿಕೊಂಡು ಕೆರೆ ಏರಿಗೆ ಬಂದಾಗ ತಾಯಕ್ಕನ ಮುಖದಲ್ಲಿ ಹುಡುಗಿಯ ಕಳೆ. "ಇಲ್ಲೇ, ಇದೇ ತಾವು" ಎಂದು ಮೂರು ಕಲ್ಲು ಆರಿಸಿ ಒಲೆ ಹೂಡಿದರು. ಮಗಳು ಪಾತ್ರೆಗೆ ನೀರು ತುಂಬಿ ತಂದಿಟ್ಟಳು. ಎಸರು ಕುದಿಯಿತು. ಹಿಟ್ಟು ಸುರಿದರು. ಕೋಲಿಗೆ ಕೈ ಚಾಚಿದರು. ಡಿಕ್ಕಿ ಹುಡುಕಿದರು, ಗಂಟು ಬಿಚ್ಚಿದರು, ಸೀಟಿನ ಕೆಳಗೆ ಬಗ್ಗಿದರು.

"ಪಾತ್ರೆ ಒಳ್ಗೇ ಮಡಗಿದ್ದೆ ಕಣ್ಲಾ."

"ಮಡಗಿದ್ರೆ ಎಲ್ಲೋಯ್ತದೆ ಅಕ್ಕ? ನಿಂಗೂ ವಯಸ್ಸಾಯ್ತು ಬುಡು" ಅಂದರು ನಮ್ಮ ಯಜಮಾನರು, ನಗುತ್ತಾ.

ತಾಯಕ್ಕ ನನ್ನ ಕಡೆ ತಿರುಗಿದರು. "ನೀನೇನಾರ ನೋಡ್ದೇನವ್ವ?"

ಆಗ ಹೇಳಬಹುದಿತ್ತು. ಒಂದು ಕ್ಷಣದ ಮುಜುಗರ, ನಾಲ್ಕು ಬೈಗುಳ, ಮುಗಿಯುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನಿಂದ 'ಐ ಶಲ್ ನಾಟ್ ಟೆಲ್ ಲೈಸ್' ಎಂದು ನೂರು ಸಲ ಬರೆಸಿದ್ದರು. ಅದರಿಂದ ನನ್ನ ಕೈಬರಹ ಸುಧಾರಿಸಿತು. ನಾನು ಅಂದೆ, "ನಿನ್ನೆ ಸಂಜೆ ತೊಳೆಯೋಕೆ ಅಂತ ನೀವೇ ನಲ್ಲಿ ಹತ್ರ ತಗೊಂಡು ಹೋದ್ರಲ್ಲ ಅಕ್ಕ. ಅಲ್ಲೇ ಬಿಟ್ಟಿದ್ದೀರೇನೋ."

ತಾಯಕ್ಕ ಹಣೆ ಗಂಟಿಕ್ಕಿ, ನಡೆಯದೇ ಇದ್ದ ಸಂಗತಿಯನ್ನು ತಮ್ಮೊಳಗೆ ಹುಡುಕುತ್ತಿದ್ದರು. ನಾನು ಸುಳ್ಳು ಹೇಳಬಹುದೆಂಬ ಯೋಚನೆ ಅವರ ಹತ್ತಿರವೂ ಸುಳಿಯಲಿಲ್ಲ.

"ಇರ್ಬೋದು" ಅಂದರು ಕೊನೆಗೆ.

ಸೌಟಿನ ಹಿಡಿಯಿಂದ ತಿರುವಿದರು. ಹಿಟ್ಟು ಬಗ್ಗಲಿಲ್ಲ, ಬರೀ ಗಂಟು. ಮಕ್ಕಳು ಬ್ರೆಡ್ಡು ಜಾಮ್ ತಿಂದರು. "ಕೆ.ಆರ್.ಪೇಟೇಲಿ ಬ್ಯಾರೆ ಕೋಲು ತಕ್ಕಂಡ್ರಾಯ್ತು ಬುಡಕ್ಕ" ಎಂದು ನಮ್ಮ ಯಜಮಾನರು ಸಮಾಧಾನ ಮಾಡಿದರು.

"ಕೋಲು ಸಿಗ್ತದೆ ಕಣ್ಲಾ. ನಲ್ಲಿ ತಾವ್ಕೆ ಓಗಿದ್ದು ನಂಗ್ ನೆಪ್ಪೇ ಇಲ್ವಲ್ಲ."

ನಾಗಮಂಗಲದ ಬೆಟ್ಟದಲ್ಲಿ ನವಿಲು ಕುಣಿಯಿತಂತೆ. ನಾನು ನೋಡಲಿಲ್ಲ. ತಾಯಕ್ಕ ಕಾರಿನಲ್ಲೇ ಕುಳಿತು ತಮ್ಮ ಚೀಲವನ್ನು ಮತ್ತೆ ಮತ್ತೆ ತೆಗೆದು ನೋಡುವುದನ್ನೇ ನೋಡುತ್ತಿದ್ದೆ.

ಆಮೇಲೆ ಅವರು ಬದಲಾದರು. ಬೀರುವಿನ ಬೀಗದ ಕೈಯನ್ನು ಸೊಸೆಗೆ ಕೊಟ್ಟರು. ಗಡಿಕಲ್ಲಿನ ಮಾತು ಬಂದರೆ, "ನನ್ ಕೇಳ್ಬ್ಯಾಡಿ, ತಪ್ಪೇಳ್ಬುಟ್ಟೇನು" ಎಂದು ಒಳಗೆ ಹೋಗುತ್ತಿದ್ದರಂತೆ. ಸೆರಗಿನ ತುದಿಗೆ ಗಂಟು ಹಾಕಲು ಶುರುಮಾಡಿದರು, ಒಂದೊಂದು ಕೆಲಸಕ್ಕೆ ಒಂದೊಂದು. ಹಸುಗಳ ಹೆಸರನ್ನು ಮಾತ್ರ ಒಂದೂ ತಪ್ಪುತ್ತಿರಲಿಲ್ಲ ಎಂದು ಸೊಸೆ ಫೋನಿನಲ್ಲಿ ಹೇಳಿದಾಗ ನಾನು ಬೇರೆ ಮಾತೆತ್ತಿದೆ.

ಅವರನ್ನು ಕೊನೆಯ ಸಲ ನೋಡಿದ್ದು ಅಕ್ಕಿಹೆಬ್ಬಾಳಿನಲ್ಲೇ. ಹೊರಡುವಾಗ ನ್ಯೂಸ್‌ಪೇಪರಿನಲ್ಲಿ ಸುತ್ತಿದ್ದ ಏನನ್ನೋ ತಂದು ನನ್ನ ಕೈಗಿಟ್ಟರು. ಹೊಸ ಕೋಲು. ಬಡಗಿಯ ಹತ್ತಿರ ಹೇಳಿ ಮಾಡಿಸಿದ್ದರು.

"ನಿನ್ ತಾವ್ಲೇ ಇರ್ಲಿ ಕಣವ್ವ. ನಾನಾದ್ರೆ ಎಲ್ಲಾರ ಬುಟ್ಬುಟ್ಟೇನು. ಇನ್ನೊಂದ್ಸಲ ಮಕ್ಳ ಕರ್ಕೊಂಡು ಹೊಸೊಳಲಿಗೆ ಓಗುವಾ, ನೀನೇ ಮರೀದೆ ತಕ್ಕಬಾ."

"ಅಕ್ಕ, ಆವತ್ತು ಆ ಕೋಲು..." ಅಂದೆ.

ಅವರು ನನ್ನ ಕೈ ಒತ್ತಿದರು. "ಆವತ್ತಿನ್ ಮಾತು ಎತ್ಬ್ಯಾಡ ಬುಡವ್ವ. ನಂಗ್ ನಾಚ್ಕೆ ಆಯ್ತದೆ."

ನಾನು ಎತ್ತಲಿಲ್ಲ. ಕಾರು ಹೊರಟಿತು. ಕನ್ನಡಿಯಲ್ಲಿ ನೋಡಿದೆ. ತಾಯಕ್ಕ ಬಾಗಿಲಲ್ಲಿ ನಿಂತು ಸೆರಗಿನ ತುದಿಯ ಗಂಟುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದರು. ಒಂದನ್ನು ಹಿಡಿದು, ನೆನಪು ಮಾಡಿಕೊಂಡು, ಬಿಚ್ಚಿದರು. ಕೋಲಿನದೇ ಇರಬೇಕು.