ಬಿಸಿಲಲ್ಲಿ ಕಾಣುವ ಫೋನ್ ಯಾವುದು?

ಮೂಡಲಗಿಯ ದನದ ಸಂತೆಯಲ್ಲಿ ಇಪ್ಪತ್ತೆರಡು ವರ್ಷ ದಲಾಲಿ ಮಾಡಿದವನು ನಾನು. ಈಗ ಗೋಕಾಕದಲ್ಲಿ ಹಿಂಡಿ-ಬೂಸಾದ ಸ್ವಂತ ಅಂಗಡಿ ಇದೆ. ಆದರೂ ಸಂತೆಯ ದಿನ ಎಮ್ಮೆಗಳ ನಡುವೆ ಹೋಗಿ ನಿಲ್ಲದಿದ್ದರೆ ಊಟ ಸೇರುವುದಿಲ್ಲ. ಅಪ್ಪ ನನಗೆ ಒಂದು ಹಗ್ಗವನ್ನೂ ಬಿಟ್ಟು ಹೋಗಲಿಲ್ಲ. ಇರುವುದೆಲ್ಲ ಬಾಯಿಂದ ಗಳಿಸಿದ್ದು. ಜಂಬಕ್ಕೆ ಹೇಳುತ್ತಿಲ್ಲ. ಒಂದು ಎಮ್ಮೆಯ ಸುತ್ತ ಐವತ್ತು ಜನ ನಿಂತಿದ್ದರೆ ಅದರಲ್ಲಿ ಖರೇ ಗಿರಾಕಿ ಯಾರು ಎಂದು ಕಂಡುಹಿಡಿಯುವುದೇ ನನ್ನ ಹೊಟ್ಟೆಪಾಡು, ಅದು ಗೊತ್ತಿರಲಿ ಎಂದು ಹೇಳಿದೆ. ಆ ಕಣ್ಣು ಒಡಹುಟ್ಟಿದ ತಂಗಿಯ ವಿಷಯದಲ್ಲೇ ಕುರುಡಾಯಿತು. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡಬೇಕೆಂದು ಕೂತಿದ್ದೇನೆ.

ತಂಗಿಯನ್ನು ಕೊಟ್ಟಿರುವುದು ಹುಕ್ಕೇರಿ ತಾಲೂಕಿನ ಘೋಡಗೇರಿಗೆ. ಹೋದ ಮುಂಗಾರಿನಲ್ಲಿ ಅವಳಿಗೆ ಊರಿನ ಬೆಳೆ ಸಮೀಕ್ಷೆಯ ಕೆಲಸ ಸಿಕ್ಕಿತು. ಒಂದೊಂದೇ ಹೊಲಕ್ಕೆ ಹೋಗಿ, ಅದರೊಳಗೆ ನಿಂತು, ಫೋನಿನ ಆ್ಯಪ್‌ನಲ್ಲಿ ಬೆಳೆಯ ಹೆಸರು ಒತ್ತಿ, ಫೋಟೊ ತೆಗೆದು ಕಳಿಸಬೇಕು. ಎಷ್ಟು ಹೊಲವೋ ಅಷ್ಟು ದುಡ್ಡು. ಮದುವೆಯಾಗಿ ಹದಿನಾರು ವರ್ಷವಾದ ಮೇಲೆ ಅವಳ ಹೆಸರಿಗೆ ಬಂದ ಮೊದಲ ಕೆಲಸ. ಚೆನ್ನಾಗಿ ಮಾಡಿದರೆ ಮುಂದಿನ ಹಂಗಾಮಿಗೂ ಊರು ಅವಳದೇ, ತಡವಾದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಮೇಲ್ವಿಚಾರಕರು ಮೊದಲೇ ಹೇಳಿದ್ದರು. ಅವಳ ಹಳೆಯ ಫೋನಿನಲ್ಲಿ ಆ ಆ್ಯಪ್ ತೆರೆಯುತ್ತಿರಲಿಲ್ಲ. ಹೊಸದು ಬೇಕಿತ್ತು. ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಕೇಳಿದಳು:

“ಬಿಸಿಲಾಗ ಸ್ಕ್ರೀನ್ ಚಂದಾಗಿ ಕಾಣೂ ಫೋನ್ ಯಾವ್ದೈತ್ರಿ? ಹನ್ನೆರಡು ಸಾವಿರದೊಳಗ.”

ಅಷ್ಟೇ. ಒಂದೇ ಸಾಲು. ಅದು ಬಂದ ಹೊತ್ತಿಗೆ ಗುಂಪಿನಲ್ಲಿ ದೊಡ್ಡ ಕಾಳಗ ನಡೆದಿತ್ತು. ಒಬ್ಬನೂ ಉತ್ತರ ಕೊಡಲಿಲ್ಲ.

ಕಾಳಗ ಹಚ್ಚಿದವನು ಹುಕ್ಕೇರಿಯಲ್ಲಿ ಹೈಸ್ಕೂಲು ಮಾಸ್ತರನಾಗಿರುವ ನನ್ನ ಚಿಕ್ಕಪ್ಪನ ಮಗ. ಲಕ್ಷದ ಮೇಲೆ ಬೆಲೆಯ ಹೊಸ ಫೋನೊಂದರ ವಿಡಿಯೋ ಹಾಕಿ, ಇದರ ಮುಂದೆ ಉಳಿದದ್ದೆಲ್ಲ ಆಟಿಕೆ ಎಂದು ಬರೆದ. ಕಂಪನಿಯ ಹೆಸರು ನಮಗೇಕೆ? ಅವನದು ಕರಿ ಡಬ್ಬಿ ಎನ್ನೋಣ. ನನ್ನ ಕೈಯಲ್ಲಿರುವುದು ಇನ್ನೊಂದು ಕಂಪನಿಯ, ನಾಲ್ಕು ವರ್ಷ ಹಳೆಯ ಸಣ್ಣ ಫೋನು. ಅದಕ್ಕೆ ಬಿಳಿ ಡಬ್ಬಿ ಎನ್ನೋಣ. ನಾನು ಬಿಳಿ ಡಬ್ಬಿಯ ಲಕ್ಷದ ಫೋನೇ ಮೇಲು ಎಂದು ಬರೆದೆ. ಅವನೂ ಆ ಫೋನ್ ಕೊಳ್ಳುವವನಲ್ಲ, ನಾನೂ ಕೊಳ್ಳುವವನಲ್ಲ. ಇಬ್ಬರೂ ಅವನ್ನು ಕಣ್ಣಿಂದ ಕಂಡಿರಲಿಲ್ಲ. ಮೂರು ದಿನ ಬಡಿದಾಡಿದೆವು.

ಮಾಸ್ತರ ಧ್ವನಿ ಸಂದೇಶ ಕಳಿಸಿದ: “ಅಣ್ಣಾ, ಇದು ಎಮ್ಮಿ ಹಲ್ಲ ಎಣಿಸಿದಂಗಲ್ಲ. ಪ್ರೊಸೆಸರ್ ಅಂದ್ರೇನಂತ ಮೊದ್ಲ ತಿಳ್ಕೊ, ಆಮ್ಯಾಲ ಮಾತಾಡು.”

ನಾನು ಅಂಗಡಿಯಲ್ಲಿ ಗಿರಾಕಿಯನ್ನು ನಿಲ್ಲಿಸಿ ಉತ್ತರ ಕೊಟ್ಟೆ: “ಮಾಸ್ತರ, ಪ್ರೊಸೆಸರ್ ಹಾಂಗಿರ್ಲಿ. ನಿನ್ನ ಫೋನಿನ ಬೆನ್ನ ಒಡದೈತಿ, ಅದರ ಮ್ಯಾಲ ಮಗಳ ಗೊಂಬಿ ಸ್ಟಿಕರ್ ಹಚ್ಕೊಂಡು ತಿರಗ್ತಿ. ಮೊದ್ಲ ಅದನ್ನ ಬದಲಿ ಮಾಡು.”

ಗುಂಪಿನ ಅರ್ಧ ಜನ ನಗುವ ಮುಖ ಒತ್ತಿದರು. ಖರೆ ಹೇಳಲೇ? ಒಳ್ಳೆಯ ಎಮ್ಮೆಯೊಂದನ್ನು ಕುದುರಿಸಿದಾಗಲೂ ನನಗೆ ಅಷ್ಟು ಖುಷಿಯಾಗಿಲ್ಲ.

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ, ಕೊಳ್ಳದ ವಸ್ತುವಿಗೆ ಜನ ಇಷ್ಟು ಕಚ್ಚಾಡುವುದೇಕೆ ಎಂದು. ಸಂತೆಯಲ್ಲಿ ನಾವು ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಕೈ, ಕೊಳ್ಳುವವನ ಕೈ, ಮೇಲೊಂದು ಟವೆಲ್. ಒಳಗೆ ಬೆರಳು ಹಿಡಿದು ದರ ಹೇಳುತ್ತೇವೆ. ಅವನೊಂದು ಬೆರಳು ಏರಿಸುತ್ತಾನೆ, ನಾನೊಂದು ಇಳಿಸುತ್ತೇನೆ, ಸುತ್ತಲಿನವರಿಗೆ ಏನೂ ಕಾಣುವುದಿಲ್ಲ. ಇಳಿಸಿದವನಿಗೆ ಸೋತೆ ಅನ್ನಿಸುವುದಿಲ್ಲ. ಅದಕ್ಕೇ ವ್ಯಾಪಾರ ಮುಗಿಯುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಟವೆಲ್ ಎಲ್ಲಿದೆ? ಸೋದರಮಾವ, ಬೀಗರು, ಸೊಸೆಯಂದಿರು, ಎಲ್ಲರೂ ನೋಡುತ್ತಿರುವಾಗ ಅರ್ಧ ಬೆರಳೂ ಇಳಿಸಲಾಗುವುದಿಲ್ಲ. ಇನ್ನೊಂದು ಮಾತು. ಟವೆಲ್ಲಿನೊಳಗೆ ಕೈ ಹಾಕಿದವನು ದರ ಕುದುರಿದರೆ ಅಲ್ಲೇ ಸಂಚಕಾರವೆಂದು ಮುಂಗಡ ದುಡ್ಡು ಕೊಟ್ಟು ದನ ಹೊಡೆದುಕೊಂಡು ಹೋಗಬೇಕು. ಸುಮ್ಮನೆ ಕೈ ಹಾಕಿದವನನ್ನು ಮುಂದಿನ ಸಂತೆಗೆ ಯಾರೂ ಹತ್ತಿರ ಸೇರಿಸುವುದಿಲ್ಲ. ಗುಂಪಿನಲ್ಲಿ ಲಕ್ಷದ ಫೋನನ್ನು ಎತ್ತಿ ಇಳಿಸಿದವರು ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ. ಅಂಥ ಕಡೆ ಬಾಯಿ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ.

ಫೋನು ಬರೀ ನೆಪ. ಕರಿ ಡಬ್ಬಿ ಮೇಲು ಎಂದು ಅವನು ಹೇಳಿದಾಗ, ಬಿಳಿ ಡಬ್ಬಿ ಕೊಂಡ ನೀನು ಮೋಸ ಹೋದೆ ಎಂದು ನನಗೆ ಕೇಳಿಸುತ್ತಿತ್ತು. ದಲಾಲನಿಗೆ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ. ನಾನು ಎದುರು ಹೇಳಿದಾಗ, ನಿನಗೆ ಗೊತ್ತಿಲ್ಲ ಎಂದು ಅವನಿಗೆ ಕೇಳಿಸುತ್ತಿತ್ತು. ಮಾಸ್ತರನಿಗೆ ಅದಕ್ಕಿಂತ ಕೆಟ್ಟದ್ದಿಲ್ಲ.

ಮೂರನೆಯ ದಿನ ತಂಗಿಯ ಆ ಒಂದು ಸಾಲು ನೆನಪಾಯಿತು. ಉತ್ತರ ಕೊಡಬೇಕೆಂದಲ್ಲ. ಅದು ಕೈಗೆ ಸಿಕ್ಕ ಬಡಿಗೆಯಾಗಿ ಕಂಡಿತು. “ಬರೇ ಬಾಯಿ ಮಾತ ಯಾಕ? ನಮ್ಮ ತಂಗಿ ಬಿಳಿ ಡಬ್ಬೀದ ತಗೊಳ್ಳಾಕತ್ತಾಳ” ಎಂದು ಬರೆದೆ. ಅವಳನ್ನು ಕೇಳಿಯೂ ಇರಲಿಲ್ಲ. ಮರುದಿನ ಗೋಕಾಕದ ಅಂಗಡಿಯೊಂದಕ್ಕೆ ಹೋಗಿ ಅದೇ ಕಂಪನಿಯ ಅಗ್ಗದ ಫೋನನ್ನು ಒಂದು ತಾಸು ಚೌಕಾಸಿ ಮಾಡಿ ತಂದೆ. ಕವರು ಪುಕ್ಕಟೆ, ಗ್ಲಾಸು ಪುಕ್ಕಟೆ. ಅಂಗಡಿಯವನು ಕೈ ಮುಗಿದ. ಡಬ್ಬಿಯ ಫೋಟೊ ಗುಂಪಿಗೆ ಹಾಕಿ, ಫೋನನ್ನು ಘೋಡಗೇರಿಗೆ ಕಳಿಸಿದೆ. ಅದನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಮಾತ್ರ ನೋಡಿದ್ದೆ. ಎಮ್ಮೆಯನ್ನು ಕೊಟ್ಟಿಗೆಯ ಕತ್ತಲಲ್ಲಿ ನೋಡಿ ಕೊಳ್ಳಬೇಡಿ, ಬಯಲಿಗೆ ತಂದು ನಡೆಸಿ ನೋಡಿ ಎಂದು ಸಾವಿರ ಜನಕ್ಕೆ ಹೇಳಿದ ಬಾಯಿ ಇದು.

ನಾಲ್ಕು ದಿನಕ್ಕೆ ತಂಗಿಯ ಫೋನ್ ಬಂತು.

“ಅಣ್ಣಾ, ಸ್ಕ್ರೀನ್ ಕಾಣಾವಲ್ತು. ಬಿಸಿಲಿಗೆ ಹಿಡದ್ರ ಕರೀ ಪಾಟಿ ಆಗತೈತಿ.”

“ಬೆಳಕ ಏರಸ್ಕೊ.”

“ಏರಿಸೇನಿ. ನೆರಳಾಗ ಹೋದ್ರ ಕಾಣ್ತೈತಿ. ಹೊಲದ ನಡುವ ನೆರಳ ಎಲ್ಲಿಂದ ತರ್ಲಿ? ಮತ್ತ ಇನ್ನೊಂದು, ನಾ ಕಬ್ಬಿನ ಹೊಲದಾಗ ನಿಂತೇನಿ, ಇದು ನಾ ಬಾಜೂಕಿನವರ ಗೋವಿನಜೋಳದಾಗ ಅದೇನಿ ಅಂತೈತಿ. ಹನ್ನೊಂದು ಫೋಟೊ ವಾಪಸ್ ಬಂದಾವು.”

ಆಗ ನಾನು ಆಡಿದ ಮಾತನ್ನು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ. “ನಿನಗ ಹಿಡ್ಯಾಕ ಬರಾಂಗಿಲ್ಲ. ನಾಕ್ ದಿನ ರೂಢಿ ಮಾಡ್ಕೊ. ಮತ್ತ ಗುಂಪಿನಾಗ ಇದನ್ನೇನ ಬರೀಬ್ಯಾಡ.”

ಗುಂಪಿನಲ್ಲಿ ಬರೆದರೆ ಮಾಸ್ತರ ಗೆದ್ದುಬಿಡುತ್ತಾನಲ್ಲ!

ಅವಳು ಬರೆಯಲಿಲ್ಲ. ಆರು ದಿನ ಆ ಫೋನನ್ನೇ ಹಿಡಿದು ಒದ್ದಾಡಿದಳು. ಒಂದು ಹೊಲಕ್ಕೆ ನಾಲ್ಕು ಸಲ ಹೋಗುವುದು, ಮರದ ಕೆಳಗೆ ಓಡುವುದು, ಅಂದಾಜಿನ ಮೇಲೆ ಒತ್ತುವುದು. ಆ ಆರು ದಿನ ನಾನು ಗುಂಪಿನಲ್ಲಿ ಕ್ಯಾಮೆರಾದ ಬಗ್ಗೆ ವಾದಿಸುತ್ತಿದ್ದೆ.

ಏಳನೆಯ ದಿನ ಮೂಡಲಗಿ ಸಂತೆ. ನಡುಮಧ್ಯಾಹ್ನ, ನಾನು ಜವಾರಿ ಎಮ್ಮೆಯೊಂದರ ವ್ಯವಹಾರದಲ್ಲಿದ್ದೆ. ಬಾಯಿ ಮಾಡುವವರು ಹತ್ತು ಜನ ಇದ್ದರು. ಹಿಂದೆ ಸುಮ್ಮನೆ ನಿಂತಿದ್ದ ಒಬ್ಬ ಮುದುಕ “ಹೆಣ್ಮಕ್ಕಳ ಕೈಗೆ ಹಿಂಡತೈತೇನ್ರಿ?” ಎಂದು ಕೇಳಿದ. ಅವನೇ ಗಿರಾಕಿ, ಅನುಮಾನವೇ ಇಲ್ಲ. ಮನೆಯಲ್ಲಿ ಹಿಂಡುವ ಕೈ ಕಣ್ಣ ಮುಂದೆ ಇದ್ದವನು ಮಾತ್ರ ಹಾಗೆ ಕೇಳುತ್ತಾನೆ. ಹತ್ತು ಜನರನ್ನು ಬಿಟ್ಟು ಅವನ ಕೈ ಹಿಡಿಯಲು ತಿರುಗಿದೆ. ತಂಗಿ ನಿಂತಿದ್ದಳು. ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಬಸ್ಸಿನಿಂದ ನೇರ ಬಂದಿದ್ದಳು. ಫೋನನ್ನು ನನ್ನ ಕೈಗೆ ಇಟ್ಟಳು.

“ಟೈಮ್ ಎಷ್ಟಾಗೈತಿ, ಓದು.”

ನೋಡಿದೆ. ಗಾಜಿನಲ್ಲಿ ನನ್ನ ಮುಖವೇ ಕಂಡಿತು, ಬೇರೇನೂ ಇಲ್ಲ. ಅಂಗೈ ಅಡ್ಡ ಹಿಡಿದೆ. ಕಾಣಲಿಲ್ಲ.

“ಓದು ಮತ್ತ. ಸಂತ್ಯಾಗ ದೊಡ್ಡ ಮನಷ್ಯಾ ನೀ.”

“ಇಲ್ಲಿ ಬ್ಯಾಡವಾ, ಆ ಕಡೆ ಹೋಗೂಣು,” ಎಂದೆ.

“ಯಾಕ? ನೆರಳಿಗೇನು?” ಎಂದಳು. ಸುತ್ತಲಿನವರು ನಕ್ಕರು. ಅವಳು ನಗಲಿಲ್ಲ. “ನಿನ್ನಿ ಅರ್ಧ ಊರು ತಗದು ಬ್ಯಾರೇದವ್ರಿಗೆ ಕೊಟ್ರು. ಇನ್ನ ನಾಕ್ ದಿನ ಹಿಂಗ ಆದ್ರ ಉಳದ ಅರ್ಧಾನೂ ಕೊಡ್ತಾರಂತ. ನಾ ಕೇಳಿದ್ದೇನು ಅಣ್ಣಾ? ಬಿಸಿಲಾಗ ಕಾಣ್ತೈತೇನು ಅಂತ ಕೇಳಿದ್ನಿ. ಒಂದ ಮಾತು. ಗುಂಪಿನಾಗ ನಲವತ್ತು ಮಂದಿ ಅದೀರಿ.”

ಎಮ್ಮೆಯ ಮುದುಕನಿಗೆ ಆಮೇಲೆ ಬರುತ್ತೇನೆಂದು ಹೇಳಿ ಅವಳನ್ನು ಮೂಡಲಗಿಯ ಮೊಬೈಲ್ ಅಂಗಡಿಗೆ ಕರೆದುಕೊಂಡು ಹೋದೆ. ನಾನು ತಂದುಕೊಟ್ಟದ್ದನ್ನು ಕೊಟ್ಟು ಬೇರೆಯದು ತೆಗೆದುಕೊಳ್ಳುವುದು. ದರ ಶುರು ಮಾಡಲು ನಾನು ಗಂಟಲು ಸರಿಪಡಿಸಿಕೊಂಡೆ. ತಂಗಿ ಹೇಳಿದಳು: “ಅಣ್ಣಾ, ನೀ ಸುಮ್ಮ ನಿಂದ್ರು.”

ನಿಂತೆ. ಇಪ್ಪತ್ತೆರಡು ವರ್ಷದಲ್ಲಿ ವ್ಯಾಪಾರದ ಜಾಗದಲ್ಲಿ ಬಾಯಿ ಮುಚ್ಚಿ ನಿಂತದ್ದು ಅದೇ ಮೊದಲು.

ಅವಳು ಒಂದು ಫೋನ್ ಎತ್ತಿಕೊಂಡು ನಡುರಸ್ತೆಗೆ ಹೋದಳು. ಅಂಗಡಿಯವನು ಹಿಂದೆಯೇ ಓಡಿದ: “ಅಕ್ಕಾರ, ಹೊರಗ ಒಯ್ಯಾಂಗಿಲ್ರಿ! ಇಲ್ಲೇ ನೋಡ್ರಿ, ಎಲ್ಲಾರೂ ಇಲ್ಲೇ ನೋಡ್ತಾರ!”

“ಎಲ್ಲಾರೂ ಇಲ್ಲೇ ಕುಂತು ನೋಡಾವ್ರು ಇರ್ಬೇಕು. ನಾ ಹೊರಗ ದುಡ್ಯಾಕಿ.”

“ಕಸಗೊಂಡು ಹೋದ್ರ?”

“ನಮ್ಮಣ್ಣನ್ನ ಒತ್ತಿ ಇಟ್ಟೇನಲ್ಲ, ಹಿಡ್ಕೊಂಡು ಕುಂದ್ರು.”

ಐದು ಫೋನನ್ನು ಹಾಗೆ ಬಿಸಿಲಿಗೆ ಹಿಡಿದು ನೋಡಿದಳು. ನಕಾಶೆ ತೆಗೆದು, ತಾನು ನಿಂತ ಜಾಗ ಸರಿಯಾಗಿ ತೋರಿಸುತ್ತದೆಯೇ ಎಂದು ರಸ್ತೆಯ ಈಚೆ ಆಚೆ ನಡೆದಳು. ಒಂದನ್ನು ಆರಿಸಿದಳು. ಅದು ಕರಿ ಡಬ್ಬಿಯದೂ ಅಲ್ಲ, ಬಿಳಿ ಡಬ್ಬಿಯದೂ ಅಲ್ಲ. ಅಷ್ಟು ದಿನದ ಜಗಳದಲ್ಲಿ ಯಾರ ಬಾಯಿಂದಲೂ ಒಂದು ಸಲವೂ ಬರದ ಕಂಪನಿಯದು. ಮೇಲಿನ ದುಡ್ಡು ನಾನು ಕೊಡುತ್ತೇನೆಂದೆ. ಕೈ ತಳ್ಳಿದಳು.

ಓದುವವರಿಗೆ ಒಂದು ಮಾತು ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ನಿಮ್ಮ ಗುಂಪಿನಲ್ಲಿಯೂ ಇಂಥ ಜಗಳ ನಡೆದೇ ಇರುತ್ತದೆ. ಅದರ ನಡುವೆ ಯಾರಾದರೂ ಸಣ್ಣದೊಂದು ಪ್ರಶ್ನೆ ಕೇಳಿದರೆ, ಬ್ಯಾಟರಿ ಸಂಜೆತನಕ ಬರುತ್ತದೆಯೇ, ಅವ್ವನಿಗೆ ಕಿವಿ ಮಂದ, ದನಿ ಜೋರಾಗಿ ಕೇಳುತ್ತದೆಯೇ, ಹೀಗೆ, ಅಲ್ಲಿ ನಿಲ್ಲಿ. ಕೊಳ್ಳುವವರು ಅವರು. ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಮತ್ತೆ ಲಕ್ಷದ ಫೋನಿನ ಬಗ್ಗೆ ಭಾಷಣ ಬಿಗಿಯುವವನನ್ನು, ಯಾವಾಗ ತರುತ್ತೀಯಪ್ಪಾ ಎಂದು ಕೇಳಿ. ನನ್ನನ್ನೂ ಯಾರಾದರೂ ಆಗಲೇ ಕೇಳಬೇಕಿತ್ತು.

ಅದೇ ವಾರ ನಾನೇ ಗುಂಪಿನಲ್ಲಿ ಬರೆದೆ: “ನಾ ತಂದುಕೊಟ್ಟ ಫೋನ್ ಬಿಸಿಲಾಗ ಕಾಣಲಿಲ್ಲ. ತಪ್ಪ ನಂದು. ತಂಗಿ ಕೈಯಾಗಿಂದ ಅರ್ಧ ಊರ ಹೋತು.”

ಎರಡು ನಿಮಿಷಕ್ಕೆ ಮಾಸ್ತರನ ಉತ್ತರ: “ಅದಕ್ಕ ಹೇಳಿದ್ನಿ, ಕರಿ ಡಬ್ಬಿ ತಗೋ ಅಂತ.”

ತುಕ್ಕಾನಟ್ಟಿಯ ಸೋದರಮಾವ ಬರೆದ: “ಕರಿ ಡಬ್ಬೀನೂ ಬಿಸಿ ಆಕ್ಕೈತಿ. ನಮ್ಮ ಬಾಜೂ ಮನ್ಯಾವನ್ದು ಕೈ ಸುಡತಿತ್ತು.” ಮಾಸ್ತರ ಅವನ ಮೇಲೆ ಬಿದ್ದ. ಮತ್ತೆ ಶುರುವಾಯಿತು. ಫೋನನ್ನು ಹಿಂಡಿಯ ಚೀಲದ ಮೇಲೆ ಒಗೆದೆ. ಯಾವ ಅರ್ಧ ಹೋಯಿತು, ಉಳಿದದ್ದಾದರೂ ಉಳಿಯುತ್ತದೆಯೇ ಎಂದು ಒಬ್ಬನೂ ಕೇಳಲಿಲ್ಲ. ಥೂ, ಅವರನ್ನೇನು ಬೈಯಲಿ. ನಾನೂ ಕೇಳಿರಲಿಲ್ಲ.

ಮರುದಿನ ಅಂಗಡಿ ಮುಚ್ಚಿ ಘೋಡಗೇರಿಗೆ ಹೋದೆ. ತಂಗಿ ಹೊಲದಲ್ಲಿದ್ದಳು. ಅವಳ ಹಿಂದೆ ಬದುವಿನ ಮೇಲೆ ಎರಡು ತಾಸು ನಡೆದೆ. ಹೊಸ ಫೋನಿನಲ್ಲಿ ಕೆಲಸ ಸರಸರ ಸಾಗಿತ್ತು. ಒಂದು ಹಳ್ಳ ಬಂತು. ಅಲ್ಲಿ ನಿಂತಳು.

“ಇಲ್ಲಿಗೆ ನಂದು ಮುಗೀತು. ಹಳ್ಳದ ಆಚೀದು ಆಕೀದು.”

ಆಚೆ ದಡದ ಸೋಯಾ ಹೊಲದಲ್ಲಿ ಒಬ್ಬ ಹೆಣ್ಣುಮಗಳು ಫೋನ್ ಹಿಡಿದು ನಿಂತಿದ್ದಳು.

“ಹುಕ್ಕೇರಿಗೆ ಹೋಗಿ ನಿಮ್ಮ ಮೇಲಿನವ್ರ ಜೋಡಿ ನಾ ಮಾತಾಡ್ತೇನಿ,” ಎಂದೆ. “ಮುಂದಿನ ಹಂಗಾಮಿಗೆ ಪೂರಾ ಊರು ನಿನಗ ಬರೂಹಂಗ ಮಾಡ್ತೇನಿ. ಮಂದೀನ ಹೆಂಗ ಒಪ್ಪಸ್ಬೇಕಂತ ನನಗ ಗೊತ್ತೈತಿ.”

“ಬ್ಯಾಡ. ಆಕಿ ಚಲೋ ಮಾಡಾಕತ್ತಾಳ. ಆಕೀದ್ಯಾಕ ಕಸಗೊಳ್ಳೂದು?”

“ಆದ್ರ ಅದು ನಿಂದು...”

“ನಂದಿತ್ತು.”

ಅಷ್ಟು ಹೇಳಿ ಅವಳು ಈಚೆ ದಡದ ಕೊನೆಯ ಹೊಲಕ್ಕೆ ಇಳಿದಳು. ನಾನೂ ಹಿಂದೆಯೇ ಇಳಿದೆ, ಇನ್ನೇನೋ ಹೇಳುವುದಿತ್ತು. ಅವಳು ಫೋನ್ ಎತ್ತಿ ಹಿಡಿದು, ಬೆಳೆಯ ಹೆಸರು ಒತ್ತಿ, ತಿರುಗದೆಯೇ ಹೇಳಿದಳು:

“ಅಣ್ಣಾ, ಅತ್ತಾಗ ಸರೀ. ಫೋಟೊದಾಗ ನಿನ್ನ ನೆರಳ ಬರಾಕತ್ತೈತಿ.”

ಸರಿದು ನಿಂತೆ.