ಗೌಂಡಿ ಮಲಕಪ್ಪನ ನಾನೂರು ವರ್ಷದ ಗೋಡೆ

ವಾಸ್ಕೋದ ಮಂಗೋರ್ ಹಿಲ್ಲಿನಲ್ಲಿ ಗೌಂಡಿ ಮಲಕಪ್ಪನನ್ನು ಅರಿಯದವರಿಲ್ಲ. ಅವನ ಕೆಲಸವನ್ನು ನಂಬದವಳು ಒಬ್ಬಳೇ, ಅವಳು ಮನೆಯಲ್ಲೇ ಇದ್ದಳು: ಹೆಂಡತಿ ಸಾವಂತ್ರೆವ್ವ. ಸಿಂದಗಿ ಕಡೆಯಿಂದ ಗಾರೆ ಮೆತ್ತುವ ಕರಣೆ, ಗೋಡೆಯ ನೇರ ನೋಡುವ ಒಳಂಬ ಹಿಡಿದುಕೊಂಡು ಅವನು ಗೋವೆಗೆ ಬಂದು ಇಪ್ಪತ್ತೆರಡು ವರ್ಷ. ಅಷ್ಟರಲ್ಲಿ ಎಷ್ಟೋ ಬಂಗಲೆ ಕಟ್ಟಿದ. ತೋರಿಸೋಣವೆಂದು ಹೆಂಡತಿಯನ್ನು ಕರೆದೊಯ್ದರೆ ಮಾತ್ರ ಒಂದರ ಗೇಟನ್ನೂ ವಾಚ್‌ಮನ್ ತೆಗೆಯುತ್ತಿರಲಿಲ್ಲ. ಒಮ್ಮೆ ನಾಯಿಯನ್ನೇ ಬಿಟ್ಟರು. ಆ ನಾಯಿಯ ಗೂಡು ಕಟ್ಟಿದ್ದೂ ತಾನೇ ಎಂದು ಮಲಕಪ್ಪ ಓಡುತ್ತಲೇ ಹೇಳಿದ. ಓಡುತ್ತಲೇ ಅವಳು ಅದನ್ನೂ ನಂಬಲಿಲ್ಲ.

"ನೀವು ಕಟ್ಟಿದ್ದು ಒಂದ ಗ್ವಾಡಿ ನಾ ಕೈಲೆ ಮುಟ್ಟಿ ನೋಡಿಲ್ಲ. ದಿನಾ ಹೋಗಿ ಸಮುದ್ರದ ದಂಡಿಮ್ಯಾಲ ಕುಂತು ಬರತೀರೋ ಏನೋ, ಯಾರಿಗೆ ಗೊತ್ತು?" ಎಂದಳು ಒಂದು ದಿನ.

ಆ ಮಾತು ಅವನಿಗೆ ಮುಳ್ಳಿನಂತೆ ನಾಟಿತು. ಒಂದೇ ಒಂದು ಗೋಡೆಯನ್ನಾದರೂ ಇವಳು ತನ್ನದೆಂದು ಒಪ್ಪಬೇಕು, ಇಲ್ಲದಿದ್ದರೆ ಇಷ್ಟು ವರ್ಷ ಕಲ್ಲು ಹೊತ್ತದ್ದು ಏತಕ್ಕೆ? ಯೋಚಿಸಿದಾಗ ಹೊಳೆದದ್ದು ಜುವಾರಿ ನದಿಯ ದಂಡೆಯ ಒಂದು ಸಣ್ಣ ಊರಿನ ಹಳೆಯ ಕೋಟೆ. ಮಳೆಗೆ ಕುಸಿದಿದ್ದ ಅದರ ಹೊಳೆಬದಿಯ ಗೋಡೆಯನ್ನು ಮೂರು ವರ್ಷದ ಹಿಂದೆ ಹಳೆಯ ಕಲ್ಲನ್ನೇ ಆಯ್ದು, ಸುಣ್ಣದ ಗಾರೆ ಹಾಕಿ ಎಬ್ಬಿಸಿದ್ದು ಅವನೇ. ಅಲ್ಲಿ ಗೇಟೂ ಇಲ್ಲ, ನಾಯಿಯೂ ಇಲ್ಲ.

ಅಳುಕು ಒಂದೇ. ಸಾವಂತ್ರೆವ್ವನ ತಾಯಿ ಮದುವೆಯಲ್ಲಿ ಕೊಟ್ಟ ಹಿತ್ತಾಳೆಯ ಸುಣ್ಣದ ಡಬ್ಬಿ ಆ ಗೋಡೆಯೊಳಗಿತ್ತು. ತಂಬಾಕಿಗೆ ಸುಣ್ಣ ಹಚ್ಚಿಕೊಂಡು ಡಬ್ಬಿಯನ್ನು ಕಲ್ಲಿನ ಸಂದಿನಲ್ಲಿಟ್ಟಿದ್ದ ಮಹಾರಾಯ, ಅವಸರದಲ್ಲಿ ಅದರ ಮೇಲೇ ಗಾರೆ ಮೆತ್ತಿದ. ನೆನಪಾಗುವ ಹೊತ್ತಿಗೆ ಗಾರೆ ಗಟ್ಟಿಯಾಗಿತ್ತು. ಮನೆಗೆ ಬಂದು, ರೈಲಿನ ಗದ್ದಲದಲ್ಲಿ ಯಾರೋ ಕದ್ದರೆಂದು ಹೇಳಿಬಿಟ್ಟ. ಸಾವಂತ್ರೆವ್ವ ಮೂರು ದಿನ ಅತ್ತಳು. ಅಂದಿನಿಂದ ರೈಲಿನಲ್ಲಿ ಎದುರಿಗೆ ಯಾರು ಕೂತರೂ ಅವರ ಕಿಸೆಯನ್ನೇ ದಿಟ್ಟಿಸುತ್ತಾಳೆ.

ರವಿವಾರ ಇಬ್ಬರೂ ಬಸ್ಸು ಹತ್ತಿ, ಕೊರ್ತಾಲಿಮ್‌ನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಕೋಟೆ ಮುಟ್ಟಿದರು.

"ನೋಡು, ಇದು ನಂದು!" ಎಂದ ಮಲಕಪ್ಪ, ಇಸ್ತ್ರಿ ಮಾಡಿದ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಎದೆಯುಬ್ಬಿಸಿ.

ಸಾವಂತ್ರೆವ್ವ ಆಚೆಯ ಗೋಡೆ ನೋಡಿದಳು, ಈಚೆಯದೂ ನೋಡಿದಳು. ಅದೇ ಕಲ್ಲು, ಅದೇ ಪಾಚಿ. "ಎಲ್ಲಾ ಹಳೇದ ಐತೆಲ್ಲ! ಸುಳ್ಳು ಹೇಳಾಕ ಎರಡೆರಡು ಬಸ್ಸು ಹತ್ತಿಸಿದ್ರಿ?"

ಹಳೆಯದರಂತೆ ಕಾಣಬೇಕೆಂದು ಮೂರು ತಿಂಗಳು ಬೆವರು ಸುರಿಸಿದ್ದ ಮಲಕಪ್ಪನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಅಷ್ಟರಲ್ಲಿ ಧಾರವಾಡದ ಪ್ರವಾಸಿಗರ ಗುಂಪನ್ನು ಹಿಂದೆ ಕಟ್ಟಿಕೊಂಡು ಗೈಡ್ ನವೀದ ಬಂದ. ಮನೆಮಾತು ಕನ್ನಡವಾದರೂ ಕೊರ್ತಾಲಿಮ್‌ನಲ್ಲೇ ಹುಟ್ಟಿ ಬೆಳೆದವನು. ಕನ್ನಡ ಅರಳು ಹುರಿದಂತೆ ಮಾತಾಡುತ್ತಾನೆ, ಓದಲು ಮಾತ್ರ ಒಂದಕ್ಷರ ಬಾರದು.

"ಈ ಗ್ವಾಡಿ ನೋಡ್ರಿ, ನಾನೂರು ವರ್ಷ ಆತು, ಒಂದು ಕಲ್ಲು ಅಳ್ಳಾಡಿಲ್ಲ. ಈಗಿನ ಗೌಂಡಿಗಳ ಕೈಲೆ ಇಂಥಾದ್ದು ಆಗೂದಿಲ್ರಿ."

"ಕಟ್ಟಿದಾಂವ ಈಗಿನ ಗೌಂಡಿನ ಅದಾನ," ಎಂದ ಮಲಕಪ್ಪ.

"ಕಾಕಾ, ಬಾಜೂಕ ಸರೀರಿ, ಫೋಟೋದಾಗ ಬರಾಕತ್ತೀರಿ," ಎಂದು ನವೀದ ಗೋಡೆಯ ಕೆಳಗೆ ಬೆರಳು ತೋರಿಸಿದ. ಗಾರೆ ಸವೆದು ಅಲ್ಲೊಂದು ಹಿತ್ತಾಳೆಯ ಮುಚ್ಚಳ ಹೊರಗೆ ಇಣುಕುತ್ತಿತ್ತು. ಬಂದವರೆಲ್ಲ ಸವರಿ ಸವರಿ ಅದು ಫಳಫಳ ಹೊಳೆಯುತ್ತಿತ್ತು. ಡಬ್ಬಿಯ ಗುರುತು ಹತ್ತಿದ ಮಲಕಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಪೋರ್ಚುಗೀಜ ಕ್ಯಾಪ್ಟನ್ ಒಬ್ಬಾಂವನ ನಶ್ಯದ ಡಬ್ಬಿ ಇದು. ಲಿಸ್ಬನ್‌ದಾಗಿದ್ದ ಪ್ರೇಯಸಿ ಕೊಟ್ಟಿದ್ದು. ಸಾಯೂ ಮುಂದ ಗ್ವಾಡ್ಯಾಗ ಇಟ್ಟು ಜೀವಾ ಬಿಟ್ಟ. ಮ್ಯಾಲೆ ಅವರ ಭಾಷಾದಾಗ ಆಕಿ ಹೆಸರು ಕೊರದಾರ ನೋಡ್ರಿ!"

ಗುಂಪಿನಲ್ಲಿ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾವಂತ್ರೆವ್ವ ಅವಳನ್ನು ದಾಟಿ ಮುಂದೆ ನುಗ್ಗಿದಳು. ಅಕ್ಷರಗಳು ತಲೆಕೆಳಗಾಗಿದ್ದವು, ಹಾಗಾಗಿ ಇವಳೂ ಸೊಂಟ ಬಗ್ಗಿಸಿ ತಲೆಯನ್ನೇ ಕೆಳಗೆ ಮಾಡಿದಳು. ಮಗಳಿಗೆ ಕೊಡುವ ಪಾತ್ರೆಯ ಮೇಲೆ ಹೆಸರು ಕೊರೆಸದ ತಾಯಿ ಅವರ ಸೀಮೆಯಲ್ಲಿ ಯಾರಿದ್ದಾಳೆ?

"ನೀಲವ್ವ, ಸಾವಂತ್ರಿಗೆ," ಎಂದು ಗಟ್ಟಿಯಾಗಿ ಓದಿದಳು. "ಏ ತಮ್ಮಾ, ನಮ್ಮವ್ವ ಲಿಸ್ಬನ್ನಿಗೆ ಯಾವಾಗ ಹೋಗಿದ್ಲೋ? ಆಕಿ ಸಿಂದಗಿ ಸಂತಿ ದಾಟಿ ಹೋದಾಕಿ ಅಲ್ಲ!"

ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಖರೇ ಐತ್ರಿ, ಇದು ಕನ್ನಡನ. ಹಂಗಾದ್ರ ಇದನ್ನ ಇಲ್ಲಿ ಇಟ್ಟಾವರು ಯಾರು?"

ಸಾವಂತ್ರೆವ್ವ ಮೆಲ್ಲಗೆ ತಿರುಗಿದಳು. ಮಲಕಪ್ಪ ಆಗಲೇ ಬಸ್ ಸ್ಟ್ಯಾಂಡಿನ ಕಡೆ ನಾಲ್ಕು ಹೆಜ್ಜೆ ಹಾಕಿದ್ದ.

"ಅಲ್ಲಿ ಹೊಂಟಾರಲ್ರಿ, ಅವರು. ನಮ್ಮ ಮನಿಯವರು. ಈ ಗ್ವಾಡಿ ಕಟ್ಟಿದವರು!"

ಗುಂಪು ಗೊಳ್ಳೆಂದು ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ಅವನ ಪಕ್ಕ ನಿಂತು ಮೊದಲು ಫೋಟೋ ತೆಗೆಸಿಕೊಂಡವನು ನವೀದನೇ. ಮಲಕಪ್ಪನ ಕಣ್ಣು ಸಂತೋಷಕ್ಕೆ ತುಂಬಿ ಬಂತು. ಕಿಸೆಯಿಂದ ಮನೆಯ ಕೀಲಿಕೈ ತೆಗೆದು, "ತಡಿ, ನಿಮ್ಮವ್ವನ ಡಬ್ಬಿ ಕಿತ್ತು ಕೊಡತೇನಿ," ಎಂದು ಗಾರೆ ಕೆರೆಯಲು ಕೂತ.

ಸಾವಂತ್ರೆವ್ವ ಅವನ ಕೈಗೆ ಫಟ್ಟನೆ ಹೊಡೆದಳು. "ಮುಟ್ಟಬ್ಯಾಡ್ರಿ! ನಿಮ್ಮ ಗ್ವಾಡಿ ಕೆಡತೈತಿ."

ಎಂದವಳೇ ಆ ಕಲ್ಲುಗಳ ಮೇಲೆ ಅಂಗೈ ಊರಿ, ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡಳು.

"ಇನ್ನ ಉಳಿದಿದ್ದು ಆ ರೈಲಿನ ಕಳ್ಳನ ಸುದ್ದಿ. ನಡೀರಿ ಮನಿಗೆ."