ಮೇಜು ಹತ್ತಿದ ಬೊಲ್ಲೆ

ಡೊಕ್ಕುಂ ಊರಿನ ಫುಟ್‌ಬಾಲ್ ಮೈದಾನದ ಹಿಂದೆ ಶನಿವಾರ ಬೆಳಿಗ್ಗೆಯ ನಾಯಿ ತರಬೇತಿಯಲ್ಲಿ ಹಿಲ್ಕೆ ಟರ್ಪ್‌ಸ್ಟ್ರಾ ಬಾಯಿ ತೆರೆದಳೆಂದರೆ ನಾಯಿಗಳಿಗಿಂತ ಮೊದಲು ಅವುಗಳ ಯಜಮಾನರು ಕೂತುಬಿಡುವಂತಿರುತ್ತಿತ್ತು. ಊರಿನ ಅರ್ಧ ನಾಯಿಗಳಿಗೆ ಮರ್ಯಾದೆ ಕಲಿಸಿದವಳು, ಮನುಷ್ಯರಿಗೆ ಮಾತ್ರ ಚೂರೂ ಕೊಡುತ್ತಿರಲಿಲ್ಲ. ಪಾದ್ರಿಗೇ ಒಮ್ಮೆ, "ಪ್ರಾರ್ಥನೆ ಮಾಡಿದ್ರೆ ನಾಯಿ ಬರಲ್ಲ ಫಾದರ್, ಕೈಯಲ್ಲಿ ಸಾಸೇಜ್ ಇರ್ಬೇಕು" ಅಂದಿದ್ದಳು.

ಅವಳ ಬೈಗುಳದಲ್ಲಿ ದೊಡ್ಡ ಪಾಲು ಅಂಚೆಯವ ಗೆರ್ಲೋಫನಿಗೆ. ಅವನ ನಾಯಿ ಪಿಕ್‌ಗೆ ಊಟದ ಮೇಜು ಹತ್ತುವ ಚಾಳಿ.

"ಎಷ್ಟು ಸಲ ಗೋಗರೀತೀಯೋ? ಒಂದೇ ಸಲ ಹೇಳು, ಬಾಯಿ ಮುಚ್ಕೊಂಡು ಕಾಯಿ. ಇಳಿದ ತಕ್ಷಣ ಒಂದು ತುಂಡು ಕೊಡು."

ಗೆರ್ಲೋಫ್ ಹಾಗೇ ಮಾಡಿದ. ಪಿಕ್ ದಾರಿಗೆ ಬಂತು.

ಬಹಳ ವರ್ಷಗಳಿಂದ ಸ್ವಂತ ನಾಯಿಯಿಲ್ಲದ ಹಿಲ್ಕೆ ಆ ಚಳಿಗಾಲದಲ್ಲಿ ಬೊಲ್ಲೆ ಎಂಬ ಕಪ್ಪುಬಿಳಿ ಹೆಣ್ಣುಮರಿ ತಂದಳು. ಮೈದಾನಕ್ಕೆ ಮಾತ್ರ ಕರೆತರಲಿಲ್ಲ. ಕೇಳಿದರೆ, "ಅದಕ್ಕೆ ಶೀತ." ಬೇಸಿಗೆ ಬಂದರೂ ಆ ಶೀತ ಬಿಡಲಿಲ್ಲ.

ಒಂದು ದಿನ ಗೆರ್ಲೋಫ್ ಪಾರ್ಸೆಲ್ ಹಿಡಿದು ಅವಳ ಹಿತ್ತಿಲ ಬಾಗಿಲಿಗೆ ಬಂದ. ಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಮೇಜಿನ ಮೇಲೆ ಬೊಲ್ಲೆ ನಾಲ್ಕೂ ಕಾಲೂರಿ ನಿಂತು ಬೆಣ್ಣೆ ನೆಕ್ಕುತ್ತಿತ್ತು. ಕೆಳಗೆ ಹಿಲ್ಕೆ ಮಂಡಿಯೂರಿದ್ದಳು.

"ಇಳಿಯೇ ನನ್ನ ಬಂಗಾರಿ. ಅಮ್ಮ ಕೇಳ್ತಿದೀನಲ್ವಾ? ಬೆಣ್ಣೆ ಬೇಕಾದ್ರೆ ಕೆಳಗೇ ಕೊಡ್ತೀನಿ ಕಂದ."

ಗೆರ್ಲೋಫ್ ಪಾರ್ಸೆಲನ್ನು ಹೊಸ್ತಿಲಲ್ಲಿಟ್ಟು ಕಳ್ಳಹೆಜ್ಜೆಯಲ್ಲಿ ಜಾರಿಕೊಂಡ. ಆದರೆ ಅವನ ಬೆನ್ನು ಅವಳ ಕಣ್ಣಿಗೆ ಬಿತ್ತು.

ವಾರವಿಡೀ ಹಿಲ್ಕೆಗೆ ಅನ್ನನೀರು ರುಚಿಸಲಿಲ್ಲ. ಮನೆಮನೆ ಬಾಗಿಲು ತಟ್ಟುವವನು ಸುಮ್ಮನಿರುತ್ತಾನೆಯೇ? ಶನಿವಾರ ಬೊಲ್ಲೆಯನ್ನು ಎಳೆದುಕೊಂಡು ಮೈದಾನಕ್ಕೆ ಬಂದವಳೇ ಗುಡುಗಿದಳು.

"ಹೌದು, ನನ್ನ ನಾಯಿ ಮೇಜಿನ ಮೇಲೆ ತಿನ್ನುತ್ತೆ. ನಾನು ಮಂಡಿಯೂರಿ ಬೇಡ್ಕೋತೀನಿ. ನಗೋರೆಲ್ಲ ಈಗ್ಲೇ ನಕ್ಕುಬಿಡಿ."

ಯಾರೂ ನಗಲಿಲ್ಲ. ಎಲ್ಲರೂ ಪಿಳಿಪಿಳಿ ನೋಡಿದರು.

"ನಾನು ಯಾರಿಗೂ ಹೇಳಿಲ್ಲ ಹಿಲ್ಕೆ," ಅಂದ ಗೆರ್ಲೋಫ್ ಮೆಲ್ಲಗೆ.

"ಅದನ್ನ ಮೊದಲೇ ಬೊಗಳೋಕೇನಾಗಿತ್ತು ಕತ್ತೆ?"

ಆಗ ಪಾದ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಬೊಲ್ಲೆ ಅವರ ಜೇಬಿನೊಳಗಿನ ಸಾಸೇಜ್ ಮುಗಿಸಿತ್ತು. ಮನೆಗೆ ಓಡಿಹೋಗಲೇ ಎಂದುಕೊಂಡ ಹಿಲ್ಕೆ, ಕೊನೆಗೆ ನಾಯಿಗಳ ತಿಂಡಿಚೀಲವನ್ನು ಗೆರ್ಲೋಫನ ಕೈಗೆ ತುರುಕಿ, ಬೊಲ್ಲೆಯೊಂದಿಗೆ ಕಲಿಯುವವರ ಸಾಲಿನ ತುದಿಯಲ್ಲಿ ಹೋಗಿ ನಿಂತಳು.

ಅಂಚೆ ಹಂಚಿ ಮುಗಿಸಿ ಅವನು ಸಂಜೆ ಸಂಜೆ ಅವಳ ಅಡುಗೆಮನೆಗೆ ಬರತೊಡಗಿದ.

"ಒಂದೇ ಸಲ ಹೇಳಿ. ಕಾಯಿರಿ," ಅನ್ನುತ್ತಿದ್ದ.

"ಅದು ಹೆಂಗೆ ನೋಡ್ತಿದೆ ನೋಡೋ."

"ನೋಡ್ಲಿ. ನೀವು ಗೋಡೆ ನೋಡಿ."

ಹಿಲ್ಕೆ ತುಟಿ ಕಚ್ಚಿ ಗೋಡೆ ನೋಡುತ್ತಿದ್ದಳು. ಬೊಲ್ಲೆಗೆ ಬೇಸರ ಬಂದು ಮೊದಲ ಸಲ ತಾನಾಗಿ ಕೆಳಗೆ ಧುಮುಕಿದಾಗ, ಅವಳು ತಕ್ಷಣ ಒಂದು ತುಂಡು ಕೊಟ್ಟಳು. ಎಲೆ ಉದುರುವ ಹೊತ್ತಿಗೆ ಬೊಲ್ಲೆ ಮೇಜಿನ ಆಸೆ ಬಿಟ್ಟಿತ್ತು.

"ಇನ್ನು ಮಹಡಿ ಮೇಲೆ," ಅಂದ ಗೆರ್ಲೋಫ್, ಅವಳ ತಲೆಗೂದಲಿಗೆ ಅಂಟಿದ್ದ ನಾಯಿರೋಮ ನೋಡುತ್ತ, "ನಿಮ್ಮ ದಿಂಬಿನ ಮೇಲೆ ಯಾರು ಮಲಗ್ತಾರೆ ಅಂತ..."

"ನಿನ್ನ ಪಾಠ ಅಡುಗೆಮನೆಗೆ ಮುಗೀತು," ಎಂದು ಹಿಲ್ಕೆ ಅವನ ಮುಂದೆ ಲೋಟ ಕುಕ್ಕಿದಳು. "ಕಾಫಿ ಕುಡಿದು ಹೊರಡು."